ನಾಯಿಗಿ ಝೀರೋ ಕಟಿಂಗ್, ನಿಮಗ ಮಂಕಿಕ್ಯಾಪ್!

ಖರೇ ಹೇಳ್ರಿ, ಈಗ ಇದನ್ನ ಓದ್ಲತ್ತಿರೋ ನಿಮ್ಮ ಮೈಮ್ಯಾಲ ಏನೇನದ? ಬನಿಯನ್, ಅದರ ಮ್ಯಾಲ ಅಂಗಿ, ಅಂಗಿ ಮ್ಯಾಲ ಸ್ವೆಟರ್, ಕಿವಿ ಸುತ್ತ ಮಫ್ಲರ್. ಕಾಲಾಗ ಸಾಕ್ಸ್ (ಹೆಬ್ಬೆರಳ ಕಡಿ ತೂತು ಬಿದ್ದದ್ದು, ನಮಗೇನು ಗೊತ್ತಾಗಲ್ಲ ಅನ್ಕೊಬ್ಯಾಡ್ರಿ). ಕೈಯಾಗ ಎರಡನೇ ಕಪ್ ಚಾ. ಈಗ ಒಂದೀಟು ಬಾಗಲ ಕಡಿ ನೋಡ್ರಿ. ಅಲ್ಲಿ ನಿಮ್ಮ ಟಾಮಿ ಕುಂತದ. ಮೊನ್ನಿ ಐತವಾರ ನೀವೇ ಕಲಬುರಗಿಗಿ ಕಾರಿನಾಗ ಒಯ್ದು ಬೋಳಿಸ್ಕೊಂಡು ಬಂದ ಟಾಮಿ. ಸಿಪ್ಪಿ ಸುಲಿದ ಬಳ್ಳೊಳ್ಳಿ ಹಂಗ ಕಾಣ್ಲತ್ತದ. ನಡಗ್ಲತ್ತದ ಬ್ಯಾರೆ.

ಯಾಕ್ರಿ ಬೋಳಿಸಿದ್ರಿ? "ಪಾಪ, ಅದಕ್ಕ ಸೆಖಿ ಆಗ್ತಿತ್ತು" ಅಂತೀರಿ. ಡಿಸೆಂಬರ್ ತಿಂಗಳದಾಗ! ನಾವೂ ಇದೇ ಊರಿನವ್ರು ಹೌದಿಲ್ಲೋ, ನಮ್ಮ ಮುಂದ ಆ ಮಾತು ನಡಿಯಂಗಿಲ್ಲ. ಸೋಫಾದ ಮ್ಯಾಲ ಕೂದಲ ಬೀಳ್ತಿತ್ತು, ತಂಗಿ ಮಗನ ಲಗ್ನದಾಗ ನಿಮ್ಮ ಕರಿ ಪ್ಯಾಂಟಿಗಿ ಬಿಳಿ ಕೂದಲ ಅಂಟಿತ್ತು, ಅದನ್ನ ಬೀಗರು ನೋಡಿ ನಕ್ಕಿದ್ರು. ಸೆಖಿ ಆದದ್ದು ನಾಯಿಗಲ್ಲ, ನಿಮಗ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಮಂದಿಗಿ ಒಂದು ಹಮ್ಮದ. ಬೆಂಗಳೂರಿನವ್ರು ಯಾರರೆ ಫೋನ್ ಮಾಡಿ "ಅಲ್ಲಿ ಚಳಿ ಹೇಗಿದೆ" ಅಂದ್ರ, "ನಮ್ಮ ಕಡಿ ಎಲ್ಲಿ ಥಂಡಿ ಬರ್ತದ್ರೀ, ಬರೀ ಬಿಸಿಲು" ಅಂತ ಎದಿ ತಟ್ಕೋತೀವಿ. ಮೇದಾಗ 43 ಡಿಗ್ರಿ ಬಿಸಿಲು ಉಂಡವ್ರು ನಾವು, ಸುಮ್ನೇನ್ರಿ? ಆದ್ರ ಡಿಸೆಂಬರ್, ಜನವರಿ ರಾತ್ರಿ ಪಾರಾ 10-12 ಡಿಗ್ರಿ ಆಜುಬಾಜು ಇಳೀತದಲ್ಲ, ಅದನ್ನ ಫೋನಿನಾಗ ಹೇಳಂಗಿಲ್ಲ. ನಸುಕಿನಾಗ ಒಂದೇ ಕೌದಿಗಿ ಗಂಡ-ಹೆಂಡ್ತಿ ಜಗ್ಗಾಡಿದ್ದೂ ಹೇಳಂಗಿಲ್ಲ.

ನಾಯಿಗಿ ಈ ಹಮ್ಮಿಲ್ಲ. ಅದಕ್ಕಿರೋದು ತುಪ್ಪಳ. ಪಾಮೇರಿಯನ್, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಇಂಥವಕ್ಕ ಎರಡು ಥರದ ಕೂದಲ ಇರ್ತಾವ. ಒಳಗ ಸಣ್ಣ, ಮೆತ್ತನ್ನ, ಒತ್ತೊತ್ತಾದ ತುಪ್ಪಳ. ಹೊರಗ ಉದ್ದನ್ನ ಬಿರುಸು ಕೂದಲ. ಒಳಗಿನ ತುಪ್ಪಳದಾಗ ಗಾಳಿ ಸಿಕ್ಕೊಂಡು ಮೈ ಕಾವು ಹೊರಗ ಬಿಡಲ್ಲ, ಹೊರಗಿನ ಕೂದಲ ನೀರು, ಬಿಸಿಲು ಒಳಗ ಬಿಡಲ್ಲ. ಅಂದ್ರ ಬ್ಯಾಸಗಿ, ಥಂಡಿ ಎರಡಕ್ಕೂ ಅದೇ ಅಂಗಿ. ನೀವು ಆ ಅಂಗಿ ಕಳದು ಸಲೂನಿನ ನೆಲದ ಮ್ಯಾಲ ಬಿಟ್ಟು ಬಂದೀರಿ (ಮ್ಯಾಲ ರೊಕ್ಕಾನೂ ಕೊಟ್ಟು!).

ಅಂದಂಗ ನಿಮ್ಮ "ಪಾಮೇರಿಯನ್" ಖರೇ ಪಾಮೇರಿಯನ್ ಹೌದೇನ್ರಿ? ಸಿಟ್ಟಾಗಬ್ಯಾಡ್ರಿ. ನಮ್ಮ ಕಡಿ ಆ ಹೆಸರಿನಾಗ ಮಾರೋ ಬಿಳಿ ನಾಯಿಗಳು ಬಹಳಷ್ಟು ಇಂಡಿಯನ್ ಸ್ಪಿಟ್ಜ್. 1994ರಾಗ 'ಹಮ್ ಆಪ್ಕೆ ಹೈ ಕೌನ್' ಸಿನೆಮಾದಾಗ ಟಫ್ಫಿ ಅಂತ ಒಂದು ನಾಯಿ ಬಂದಿತ್ತು ನೆನಪದ? ಅದೇ ಜಾತಿ. ಆಮ್ಯಾಲ ಮನಿಮನಿಗೂ ಒಂದೊಂದು ಟಫ್ಫಿ ಬಂತು. ಅದರ ಜೋಡಿ ಇಂಗ್ಲಿಷ್ ಬ್ಯಾರೆ ಬಂತು. ಮಕ್ಕಳಿಗಿ "ಬಾರಲೇ ಇಲ್ಲಿ", ನಾಯಿಗಿ "ಕಮ್ ಹಿಯರ್ ಬೇಟಾ". ಹೌದಿಲ್ಲೋ?

ಇನ್ನೊಂದು ಮಾತು ಹೇಳ್ತೀನಿ, ಮನ್ಯಾಗ ಹೇಳಬ್ಯಾಡ್ರಿ, ಬೈತಾರ. ಇಂಥ ನಾಯಿಗಿ ಚರ್ಮಕ್ಕ ಹತ್ತಿ ಬೋಳಿಸಿದ್ರ ಕೂದಲ ಮೊದಲಿನಂಗ ಬರ್ತದಂತ ಗ್ಯಾರಂಟಿ ಇಲ್ಲ. ತಿಂಗಳಾನುಗಟ್ಟಲೆ ಬರಲಾರ್ದೇ ಇರಬಹುದು, ಅಲ್ಲಲ್ಲಿ ಬೋಳ ಉಳೀಬಹುದು, ಬಂದ್ರೂ ಬಣ್ಣ ಬ್ಯಾರೆ ಆಗಬಹುದು. "ತಲಿ ಬೋಳಿಸಿದ್ರ ಕೂದಲ ದಟ್ಟ ಬರ್ತದ" ಅಂತ ನಿಮ್ಮ ಅಜ್ಜಿ ನಿಮಗ ಹೇಳಿದ್ದು. (ಬಂತೇನ್ರಿ? ಕನ್ನಡಿ ನೋಡ್ಕೊಂಡು ಹೇಳ್ರಿ.)

ಹಂಗಾದ್ರ ಕಟಿಂಗೇ ಬ್ಯಾಡೇನು? ಬೇಕು, ಯಾಕ ಬ್ಯಾಡ! ಪಂಜಾದ ಸಂದಿ, ಕಿವಿ ಬುಡ, ಬಾಲದ ಕೆಳಗ ಹೊಲಸಾಗೋ ಜಾಗ, ಇವನ್ನ ಕತ್ತರಸ್ರಿ. ಶಿಟ್ಜು, ಪೂಡಲ್ ಸಾಕಿದ ಸಾಹುಕಾರ್ರೇ, ಆ ನಾಯಿಗಳ ಕೂದಲ ಬೆಳೀತಾನೇ ಇರ್ತಾವ, ಅವಕ್ಕ ಕತ್ತರಿ ಬೇಕೇ ಬೇಕು. ಆದ್ರ ಥಂಡಿಯಾಗ ಒಂದಿಂಚರೆ ಉಳಸ್ರಿ. ಉಳಿದವಕ್ಕ ಚಲೋತಂಗ ಬಾಚಿದ್ರ ಸಾಕು. ದಿನಾ ಹತ್ತು ನಿಮಿಷ ಬಾಚಿದ್ರ ಸೋಫಾನೂ ಉಳೀತದ, ತುಪ್ಪಳಾನೂ ಉಳೀತದ. ಆದ್ರ ಆ ಹತ್ತು ನಿಮಿಷ ನಿಮಗ ಮೊಬೈಲಿನಿಂದ ಸಿಗಬೇಕಲ್ಲ!

ಇದೆಲ್ಲಾ ಯಾರೋ ಡಾಕ್ಟರ್ ಬಂದು ಹೇಳೋ ಮಾತೇನಲ್ರಿ. ನಿಮ್ಮ ಊರ ಹೊಲದಾಗ ಕುರಿ ತರುಬಿರ್ತಾರಲ್ಲ, ಆ ಕುರುಬಣ್ಣನ್ನ ಕೇಳ್ರಿ. ದಖ್ಖನಿ ಕುರಿಗಿ ವರ್ಷಕ್ಕ ಎರಡು ಸಲ ಉಣ್ಣಿ ಕತ್ತರಸ್ತಾರ. ಕತ್ತರಸೋಕಿಂತ ಮೊದಲು ಮುಗಿಲು ನೋಡ್ತಾರ, ಗಾಳಿ ನೋಡ್ತಾರ. ನೀವು ಏನ್ ನೋಡಿದ್ರಿ? ಡಿಸ್ಕೌಂಟ್ ನೋಡಿದ್ರಿ.

ಇನ್ನ ಮೈಲಾರಲಿಂಗನ ಗೊರವಯ್ಯ. ದೇವರ ಮುಂದ ನಾಯಿಹಂಗ ಬೊಗಳ್ತಾನ, ದೋಣಿಯಾಗಿಂದ ಹಾಲು-ಬಾಳಿಹಣ್ಣು ನಾಯಿಹಂಗ ಬಾಯಿ ಹಾಕಿ ತಿಂತಾನ. ಆದ್ರ ಅವನ ಮೈಮ್ಯಾಲ ನೋಡ್ರಿ, ಕರಿ ಕಂಬಳಿ. ನಾಯಿ ಆಗೋ ಮನುಷ್ಯಾ ಸೈತ ಕಂಬಳಿ ಬಿಡಲ್ಲ, ನೀವು ಹುಟ್ಟಾ ನಾಯಿ ಆದದ್ದರ ಕಂಬಳಿ ಕಿತ್ಕೊಂಡು ಕುಂತೀರಿ.

"ನಮ್ದು ಮುಧೋಳ ನಾಯಿರಿ, ಅದಕ್ಕ ಕಟಿಂಗೂ ಇಲ್ಲ ಥಂಡಿನೂ ಇಲ್ಲ" ಅಂತ ಹಿಂದ ಕುಂತವ್ರು ಯಾರೋ ಮೀಸಿ ತಿರುವ್ಲತ್ತೀರಿ. ಗೊತ್ತದ್ರಿ, ನಿಮ್ಮ ನಾಯಿ ದೊಡ್ಡಮನಿದು. 2005ರಾಗ ಅಂಚೆಚೀಟಿ ಮ್ಯಾಲ ಬಂದದ್ದು, ಮಿಲಿಟ್ರಿ ಸೈತ ಟ್ರೇನಿಂಗ್ ಕೊಟ್ಟು ನೋಡಿದ್ದು. ಆದ್ರ ಮೈಮ್ಯಾಲ ಕೂದಲ ಗಿಡ್ಡ, ಚರ್ಮದ ಕೆಳಗ ಕೊಬ್ಬಿಲ್ಲ, ಎಣಿಸಿದ್ರ ಪಕ್ಕೆಲುಬು ಸಿಗ್ತಾವ. ಓಡುವಾಗ ಅದಕ್ಕ ಥಂಡಿ ಇಲ್ಲ, ಖರೇ. ಮಲಗಿದಾಗ? ಬೋಳಿಸಿದ ಟಾಮಿಗಿ ಏನು ಹೇಳ್ಲತ್ತೀನೋ ಅದೆಲ್ಲಾ ನಿಮ್ಮ ಬೇಟಿನಾಯಿಗೂ ಲಾಗೂ. ಮೀಸಿ ಕೆಳಗ ಬಿಡ್ರಿ.

ಆಯ್ತು, ಆದದ್ದು ಆಯ್ತು. ಕೂದಲ ಹೋಗ್ಯಾವ, ಥಂಡಿ ಬಂದದ. ಈಗೇನ್ ಮಾಡ್ತೀರಿ? ಮೊದಲು ನಿಮ್ಮ ಪಡಸಾಲಿ ನೆಲ ಮುಟ್ಟಿ ನೋಡ್ರಿ. ಬರಿಗಾಲಿಲೆ ನಿಂದ್ರಿ (ಸಾಕ್ಸ್ ತಗೀರಿ, ಕಳ್ಳಾಟ ಬ್ಯಾಡ). ಶಹಾಬಾದ ಕಲ್ಲಿನ ಫರಸಿ! ಬ್ಯಾಸಗ್ಯಾಗ ಅದರ ಮ್ಯಾಲ ಮಲಗಿ "ಆಹಾ, ತಂಪು" ಅಂತಿದ್ರಿ. ಆ ಕಲ್ಲು ಡಿಸೆಂಬರ್ ರಾತ್ರಿನೂ ತನ್ನ ಕೆಲಸಾ ತಾ ಮಾಡ್ತದ. ಬೋಳ ಹೊಟ್ಟಿ ಅದಕ್ಕ ಹತ್ತಿದ್ರ ಮೈಯಾಗಿನ ಕಾವೆಲ್ಲಾ ಕೆಳಗ ಎಳ್ಕೋತದ. ನಾಯಿಗಿ ಥಂಡಿ ಮ್ಯಾಲಿಂದ ಅಷ್ಟೇ ಅಲ್ಲ, ಕೆಳಗಿಂದಾನೂ ಬರ್ತದ.

ಇದಕ್ಕ ಆನ್‌ಲೈನಿನಾಗ ಎರಡು ಸಾವಿರದ ಬೆಡ್ ಹುಡುಕ್ಲಿಕ್ಕ ಹೋಗಬ್ಯಾಡ್ರಿ, ಫೋನ್ ಕೆಳಗ ಇಡ್ರಿ. ತೊಗರಿ ತುಂಬೋ ತಟ್ಟಿನ ಚೀಲ ಮನ್ಯಾಗ ಇಲ್ದ ಮಂದಿ ನಮ್ಮ ಕಡಿ ಯಾರಿದ್ದಾರ? 2019ರಾಗ ಜಿಐ ಟ್ಯಾಗ್ ತಗೊಂಡ ತೊಗರಿ ನಮ್ಮದು, ಚೀಲಕ್ಕೇನು ಬರಗಾಲ! ಚೀಲದಾಗ ಒಣಾ ಕಣಕಿ ತುಂಬ್ರಿ. ಅಫಜಲಪುರದ ಕಬ್ಬಿನವ್ರು ರವದಿ ತುಂಬ್ರಿ. ಅದನ್ನ ಹಲಗಿ ಮ್ಯಾಲ ಇಲ್ಲಾ ನಾಲ್ಕು ಇಟ್ಟಂಗಿ ಇಟ್ಟು ಒಂದು ಗೇಣು ಎತ್ತರದಾಗ ಹಾಸ್ರಿ, ಗಾಳಿ ಬರೋ ಬಾಗಲ ಎದುರಿಗಿ ಮಾತ್ರ ಬ್ಯಾಡ. ವಾರಕ್ಕೊಮ್ಮೆ ಬಿಸಲಿಗಿ ಝಾಡಿಸ್ರಿ, ಇಲ್ಲಂದ್ರ ಉಣ್ಣಿಹುಳ ಮನಿ ಮಾಡ್ತಾವ.

ಮ್ಯಾಲ ಹೊಚ್ಚಲಿಕ್ಕ ಕೌದಿ. ಅವ್ವ ಹೊಲಿದಿದ್ದು, ಟ್ರಂಕಿನಾಗ ಮಡಚಿ ಇಟ್ಟೀರಲ್ಲ, ಅದಲ್ಲ (ಅದಕ್ಕ ಕೈ ಹಚ್ಚಿದ್ರ ನಿಮ್ಮನ್ನೂ ನಾಯಿ ಜೋಡಿ ಹೊರಗ ಮಲಗಸ್ತಾರ). ಹರಕು ಕೌದಿ ಒಂದು ಇರ್ತದ, ಕಾರ್ ಒರಸಲಿಕ್ಕ ಇಟ್ಕೊಂಡಿದ್ದು. ಅದು ಸಾಕು. ನಾಯಿ ತಾನೇ ಕೆದರಿ, ಮೂರು ಸುತ್ತು ತಿರುಗಿ, ಮೂತಿ ಬಾಲದಾಗ ಇಟ್ಟು ಮಲಗ್ತದ. ನೀವು ಹೊಚ್ಚಿ ಬರೋದು, ಅದು ಕೊಡವೋದು, ಮತ್ತ ಹೊಚ್ಚೋದು, ಈ ನಾಟಕ ಬಿಡ್ರಿ.

ಸ್ವೆಟರ್ ತರಿಸೀರೇನು? ತರಿಸಿರ್ತೀರಿ. ಕೆಂಪನ್ನದು, ಬೆನ್ನ ಮ್ಯಾಲ ಇಂಗ್ಲಿಷಿನಾಗ ಏನೋ ಬರದದ್ದು. ಬೋಳಿಸಿದ ನಾಯಿಗಿ ಸ್ವೆಟರ್ ಖರೇನೇ ಬೇಕು, ಅದರಾಗ ನಿಮ್ಮ ತಪ್ಪಿಲ್ಲ. ಕುತ್ತಿಗಿ, ಕಂಕಳಾಗ ಎರಡು ಬೆರಳು ಹೋಗೋವಷ್ಟು ಸಡಲ ಇರಲಿ. ಗಂಡುನಾಯಿ ಇದ್ರ ಹೊಟ್ಟಿ ಕೆಳಗ ಗಿಡ್ಡ ಇರಲಿ, ಇಲ್ಲಂದ್ರ ಲೈಟಿನ ಕಂಬ ಕಂಡಲ್ಲೆಲ್ಲಾ ಸ್ವೆಟರ್ ಒದ್ದಿ. ಒದ್ದಿ ಸ್ವೆಟರ್ ಹಾಕೋದಕಿಂತ ಹಾಕಲಾರ್ದೇ ಇರೋದು ಚಲೋ.

ಆದ್ರ ನಿಮ್ಮ ರೋಗ ಬ್ಯಾರೆನೇ ಅದ. ಹಾಕೋದು ಹಾಕ್ತೀರಿ, ತಗಿಯೋದು ಮರೀತೀರಿ. ನಮ್ಮ ಕಡಿ ಥಂಡಿ ಅಂದ್ರ ಕಾಶ್ಮೀರದ ಥಂಡಿ ಅಲ್ಲ, ಮುಂಜಾನಿ ಮಫ್ಲರ್, ಮಧ್ಯಾಹ್ನ ಫ್ಯಾನು. ಹನ್ನೆರಡು ಗಂಟೆಗಿ 30 ಡಿಗ್ರಿ ಹತ್ರ ಬಂದಿರ್ತದ. ನಾಯಿಗಿ ನಮ್ಮಂಗ ಮೈತುಂಬ ಬೆವರು ಬರಂಗಿಲ್ಲ, ಬರೋದು ಪಂಜಾದಾಗ ಅಷ್ಟೇ. ಉಳಿದ ಕಾವೆಲ್ಲಾ ನಾಲಿಗಿ ಹೊರಗ ಹಾಕಿ ತೇಕಿ ತೇಕಿ ಹೊರಗ ಹಾಕಬೇಕು. ನೀವೋ "ಒಂದು ರೀಲ್ ಮಾಡಿ ಆಮ್ಯಾಲ ತಗೀತೀನಿ" ಅಂತೀರಿ. ಬಿಸಲು ಏರಿತಂದ್ರ ಸ್ವೆಟರ್ ತಗೀರಿ. ರೀಲ್ ಮುಂಜಾನಿನೇ ಮಾಡ್ರಿ.

ಇನ್ನ ನಿಮ್ಮ ಇನ್ನೊಂದು ಜಾಣತನ. ನಾಯಿ ಹೊಟ್ಟಿಗಿ ಕೈ ಇಟ್ಟು, "ಬೆಚ್ಚಗೇ ಅದ, ಏನಾಗಿಲ್ಲ" ಅಂತ ಮಲಗಲಿಕ್ಕ ಹೋಗ್ತೀರಿ. ಅಲ್ರಿ ಯಣ್ಣಾ, ನಾಯಿ ಮೈ ಕಾವೇ 101ರಿಂದ 102.5 ಫ್ಯಾರನ್‌ಹೀಟ್. ಅದು ಯಾವಾಗ ಮುಟ್ಟಿದ್ರೂ ನಿಮ್ಮ ಕೈಗಿ ಬೆಚ್ಚಗೇ ಹತ್ತದ. ಕೈ ಬಿಡ್ರಿ, ಕಣ್ಣಿಲೆ ನೋಡ್ರಿ. ನಡಗ್ಲತ್ತದೇನು, ಒಂದೊಂದೇ ಕಾಲು ಎತ್ತಿ ಹಿಡೀತದೇನು, ಕಿವಿ ತುದಿ ಥಣ್ಣಗಾಗ್ಯಾವೇನು, ಊಟಕ್ಕ ಕರದ್ರೂ ಮುದುಡಿ ಮಲಗೇ ಇರ್ತದೇನು? ಹಂಗಿದ್ರ ಥಂಡಿ ಹತ್ತ್ಯದ. ಬೆಚ್ಚಗ ಮಾಡಿದ ಮ್ಯಾಲೂ ಹಂಗೇ ಮಂಕಾಗಿ ಬಿದ್ದಿದ್ರ ತಾಲೂಕಿನ ದನದ ದವಾಖಾನಿ ಅದ, ಅಲ್ಲಿ ನಾಯಿನೂ ನೋಡ್ತಾರ. ಮರಿ ಮತ್ತ ಮುದಿ ನಾಯಿ ಇದ್ರಂತೂ ನಾಳಿ ಅನ್ನಬ್ಯಾಡ್ರಿ.

ಜಳಕ! ಬೋಳಿಸಿದ ವಾರದಾಗೇ ಮತ್ತ ಜಳಕ ಮಾಡಸ್ತೀರಿ, ಅದೂ ಐತವಾರ ಸಂಜಿ, ಕ್ರಿಕೆಟ್ ಮ್ಯಾಚ್ ಮುಗದ ಮ್ಯಾಲ. ನಿಮ್ಮದೇ ಶಾಂಪೂ ಹಾಕಿ (ನಾಯಿ ಚರ್ಮಕ್ಕ ಅದು ಒಗ್ಗಲ್ಲ, ಒಣಗಿ ತುರಸ್ತದ). ಥಂಡಿಯಾಗ ಜಳಕ ಆದಷ್ಟು ಕಮ್ಮಿ ಇರಲಿ, ಮಾಡಿಸೋದೇ ಇದ್ರ ಹೊತ್ತು ಏರಿದ ಮ್ಯಾಲ, ಉಗುರುಬೆಚ್ಚನ್ನ ನೀರಾಗ. ಟವೆಲ್ಲಿಲೆ ಬುಡಮಟ ಒರಸ್ರಿ. ಡ್ರೈಯರ್ ಹಿಡಿಯೋದಿದ್ರ ಸಣ್ಣ ಕಾವಿಗಿ ಇಟ್ಟು ದೂರ ಹಿಡೀರಿ. ಕೂದಲ ಇಲ್ದ ಚರ್ಮ ಲಗೂ ಸುಡ್ತದ.

ಅದೇ ಕಾರಣಕ್ಕ ಬಿಸಿನೀರಿನ ಬ್ಯಾಗ್ ಬರಿಮೈಗಿ ಹಚ್ಚಬ್ಯಾಡ್ರಿ, ಅರಬಿಯಾಗ ಸುತ್ತಿ ಮಗ್ಗಲದಾಗ ಇಡ್ರಿ. ಇದ್ದಲಿ ಸಿಗಡಿ ಹಚ್ಚಿ ಕೋಲಿ ಬಾಗಲ ಹಾಕೋ ವಿಚಾರ ಇದ್ರ ಈಗಲೇ ಬಿಡ್ರಿ. ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡಿಗಿ ವಾಸನಿ ಇಲ್ಲ, ನಾಯಿ-ಮಾಲಕ ಅಂತ ಭೇದಾನೂ ಇಲ್ಲ. ಮತ್ತ ಆ ನಿಮ್ಮ ದೋಸ್ತ "ಒಂದು ಮುಚ್ಚಳ ಬ್ರಾಂದಿ ಹಾಕು, ಥಂಡಿ ಹೋಗ್ತದ" ಅಂತಾನಲ್ಲ, ಅವನ ಮಾತು ಕೇಳಬ್ಯಾಡ್ರಿ. ಬ್ರಾಂದಿ ಒಳಗ ಹೋದ್ರ ಕಾವು ಹೊರಗ ಹೋಗ್ತದ, ನಾಯಿಗಿ ಅದು ವಿಷ. (ಉಳಿದ ಬಾಟ್ಲಿ ಯಾರಿಗಂತ ಅವ ಕೇಳಿದ್ನೋ ಇಲ್ಲೋ?)

ಎಳ್ಳಮಾಸಿ ಬರ್ತದ. ನೀವು ಹೊಲಕ್ಕ ಹೊಂಟಾಗ ಟಾಮಿನೂ ಗಾಡಿ ಹತ್ತದೇ ಬಿಡಲ್ಲ. ಸಜ್ಜಿ ರೊಟ್ಟಿ ಹಾಕ್ರಿ, ಥಂಡಿಯಾಗ ಹೊರಗ ತಿರುಗೋ ನಾಯಿಗಿ ಹಸಿವಿ ಜಾಸ್ತಿನೇ. ಆದ್ರ ಭಜ್ಜಿ ಅದರ ಮುಂದ ಸುರೀಬ್ಯಾಡ್ರಿ, ಭಜ್ಜಿಯಾಗಿನ ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿ ರಕ್ತಕ್ಕ ಕೇಡು. ಊಟ ಆದ ಮ್ಯಾಲ ನೀವು ಬನ್ನಿಗಿಡದ ಕೆಳಗ ಅಡ್ಡಾಗ್ತೀರಿ, ಅದು ತೊಗರಿ ಸಾಲಾಗ ಬಿಸಲು ಕಾಯಿಸ್ತದ. ಇದಕಿಂತ ಚಲೋ ಹೀಟರ್ ಯಾವ ಅಂಗಡ್ಯಾಗೂ ಸಿಗಂಗಿಲ್ಲ.

ಗಾಣಗಾಪುರಕ್ಕ ಹೋಗ್ತೀರಲ್ಲ ದತ್ತ ಜಯಂತಿಗಿ, ಭೀಮಾ-ಅಮರ್ಜಾ ಸಂಗಮದಾಗ ನಡಗ್ತಾ ಮುಳುಗಿ ಏಳ್ತೀರಿ. ದತ್ತಾತ್ರೇಯನ ಕಾಲ ಹತ್ರ ನಾಲ್ಕು ನಾಯಿ, ಅವೇ ನಾಲ್ಕು ವೇದ ಅಂತ ಮಕ್ಕಳಿಗಿ ಹೇಳ್ತೀರಿ. ಅಲ್ಲಿ ಕಂಡ ನಾಯಿಗೆಲ್ಲಾ ರೊಟ್ಟಿ ಹಾಕಿ ಕೈ ಮುಗೀತೀರಿ, ದತ್ತ ಯಾವ ರೂಪದಾಗ ಬರ್ತಾನೋ ಅಂತ. ಊರಿಗಿ ಬಂದು ಓಣ್ಯಾಗಿನ ವೇದ ನಿಮ್ಮ ಕಾರಿನ ಬುಡಕ ಬೆಚ್ಚಗ ಮಲಗಿದ್ರ ಬಡಿಗಿ ತಗೋತೀರಿ. ಎಂಜಿನ್ ಕಾವಿಗಿ ಬಂದಿರ್ತಾವ್ರಿ ಪಾಪ. ಮುಂಜಾನಿ ಗಾಡಿ ಚಾಲೂ ಮಾಡೋಕಿಂತ ಮೊದಲು ಬಾನೆಟ್ ಮ್ಯಾಲ ಎರಡು ಸಲ ಬಡೀರಿ, ಎದ್ದು ಹೋಗ್ತಾವ.

ಟಾಮಿ ಕಥಿ ಮುಗೀತು, ಈಗ ನಿಮ್ಮ ಕಥಿ. ಮುಂದಿನ ಐತವಾರಕ್ಕ ಇನ್ನೊಂದು ನಾಯಿಗೂ ಕಟಿಂಗ್ ಬುಕ್ ಮಾಡೀರಂತ ಸುದ್ದಿ ಬಂದದ, ನಮ್ಮಿಂದ ಮುಚ್ಚಿಡಬ್ಯಾಡ್ರಿ. ಈಗಲೇ ಫೋನ್ ಹಚ್ಚಿ ಹೇಳ್ರಿ: "ಬರೀ ಬಾಚಿ ಉಗುರು ತಗೀರಿ, ಮಷೀನ್ ಮಾತ್ರ ಹಚ್ಚಬ್ಯಾಡ್ರಿ." ಅಡ್ವಾನ್ಸ್ ವಾಪಸ್ ಕೊಡಂಗಿಲ್ಲ ಅಂದ್ರ ನೀವೇ ಹೋಗಿ ಕುಂದರ್ರಿ, ನಿಮ್ಮ ಕಟಿಂಗೂ ಬಾಳ ದಿನದಿಂದ ಬಾಕಿ ಅದ.