ಛತ್ರಪ್ರಭಾ ಮೀಮಾಂಸೆ: ಮೊದಲ ಹಾಗೂ ಬಹುಶಃ ಕೊನೆಯ ಸಂಪುಟ

ಪ್ರಸ್ತುತ ಮಹಾಪ್ರಬಂಧವು ಕಲ್ಯಾಣಮಂಟಪವೆಂಬ ಸಾಂಸ್ಕೃತಿಕ ಆವರಣದಲ್ಲಿ, ವಧೂವರರೆಂಬ ಪಠ್ಯದ ಮೇಲೆ, ಮುಹೂರ್ತದ ಆಸುಪಾಸಿನಲ್ಲಿ ಸಂಭವಿಸುವ ಪ್ರಭಾಸ್ಫೋಟಗಳನ್ನು (ಲೋಕರೂಢಿಯಲ್ಲಿ ಫ್ಲ್ಯಾಶ್) ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಿಸುವ ವಿನಮ್ರ ಪ್ರಯತ್ನವಾಗಿದೆ. ಅಧ್ಯಯನದ ವ್ಯಾಪ್ತಿ ಛತ್ರದ ಬಾಗಿಲಿನಿಂದ ಹಸೆಮಣೆಯವರೆಗೆ. ಮಿತಿ, ಊಟ.

ಪೂರ್ವಪಕ್ಷವನ್ನು ಮೊದಲು ಮಂಡಿಸುವುದು ಶಾಸ್ತ್ರಮರ್ಯಾದೆ. ಪ್ರತಿ ಮದುವೆಯಲ್ಲೂ ಕೊರಳಿಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡು ಎರಡನೇ ಪಂಕ್ತಿಗೆ ಕಾಯುತ್ತ ನಿಂತ ಸೋದರಮಾವನೊಬ್ಬ ಇದ್ದೇ ಇರುತ್ತಾನೆ. "ಮಾವ, ಒಳಗಡೆ ತೆಗೆದ್ರೆ ಫೋಟೋ ಯಾಕೆ ಇಷ್ಟು ಕೆಟ್ಟದಾಗಿ ಬರುತ್ತೆ?" ಎಂದು ಕೇಳಿ ನೋಡಿ. "ನಿನ್ನದು ಯಾವ ಬಾಡಿ? ಫುಲ್ ಫ್ರೇಮಾ? ಲೆನ್ಸು ಯಾವುದು?" ಎಂದು ಅಡ್ಡಪ್ರಶ್ನೆ ಹಾಕಿ, ಎರಡು ಲಕ್ಷದ ಖರ್ಚು ತೋರಿಸಿ, ಎಲೆ ಹಾಕಿದ ಸದ್ದಿಗೆ ಎದ್ದು ಹೋಗುತ್ತಾನೆ. ಈ ದರ್ಶನವನ್ನು ನಾವು 'ಸಾಮಗ್ರಿವಾದ' ಎಂದು ಕರೆಯುತ್ತೇವೆ. ಬೆಳಕೆಂಬುದು ಅಂಗಡಿಯಲ್ಲಿ ಸಿಗುವ ವಸ್ತು ಎಂಬುದು ಇದರ ಮೂಲ ಪ್ರಮೇಯ.

ಒಂದನೇ ಅಧಿಕರಣ: ದೂರ

ಫ್ಲ್ಯಾಶಿನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಇದನ್ನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವಿಲೋಮ ವರ್ಗ ನಿಯಮವೆಂದು ಆಗಲೇ ಹೇಳಿಕೊಟ್ಟುಬಿಟ್ಟಿರುವುದರಿಂದ, ಇಲ್ಲಿ ನಾವು 'ಪ್ರಭಾಪಕರ್ಷ ಸಂಕಥನ' ಎಂದು ಮರುನಾಮಕರಣ ಮಾಡುತ್ತೇವೆ. ಇಲ್ಲದಿದ್ದರೆ ಡಾಕ್ಟರೇಟ್ ಸಿಗುವುದಿಲ್ಲ.

ಸಂಕಥನವನ್ನು ಗ್ರೂಪ್ ಫೋಟೋದಲ್ಲಿ ಕಣ್ಣಾರೆ ನೋಡಬಹುದು. ಮುಂದೆ ಚಾಪೆಯ ಮೇಲೆ ಕೂತ ಮಕ್ಕಳು ಕ್ಯಾಮೆರಾದಿಂದ 2 ಮೀಟರ್ ದೂರ. ಹಿಂದಿನ ಸಾಲಿನಲ್ಲಿ ನಿಂತ ದೊಡ್ಡಪ್ಪಂದಿರು 4 ಮೀಟರ್. ಮಕ್ಕಳಿಗೆ ಸಿಕ್ಕ ಬೆಳಕಿನಲ್ಲಿ ಕಾಲುಭಾಗ ಮಾತ್ರ ದೊಡ್ಡಪ್ಪಂದಿರಿಗೆ, ಅಂದರೆ ಎರಡು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಪರಿಣಾಮವಾಗಿ ಮಕ್ಕಳ ಮುಖಕ್ಕೆ ಸುಣ್ಣ. ದೊಡ್ಡಪ್ಪಂದಿರಲ್ಲಿ ಮೀಸೆ ಎಲ್ಲಿ ಮುಗಿದು ಕೋಟು ಎಲ್ಲಿ ಶುರುವಾಯಿತೆಂದು ಅವರ ಹೆಂಡಂದಿರಿಗೂ ತಿಳಿಯದು.

ಗೈಡ್ ನಂಬರ್ ಎಂಬುದೊಂದುಂಟು. ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಫ್ಲ್ಯಾಶ್ ಎಷ್ಟು ದೂರ ಮುಟ್ಟುತ್ತದೆಂದು ಗೊತ್ತಾಗುತ್ತದೆ. ಕ್ಯಾಮೆರಾದ ನೆತ್ತಿಯಿಂದ ಟಪ್ಪೆಂದು ಮೇಲೇಳುವ ಪುಟ್ಟ ಫ್ಲ್ಯಾಶಿನದು ಸುಮಾರು 12. ಐಎಸ್‌ಒ 100, ಎಫ್/4 ಇಟ್ಟರೆ 3 ಮೀಟರಿಗೆ ಅದರ ಆಟ ಮುಗಿಯಿತು. ಅದೇ ಐಎಸ್‌ಒ 1600 ಮಾಡಿದರೆ 12 ಮೀಟರ್. ಈ ಬದಲಾವಣೆಗೆ ಒಂದು ಬೆರಳು ಸಾಕು, ದುಡ್ಡು ಬೇಕಿಲ್ಲ. ಸಾಮಗ್ರಿವಾದಿಗಳು ಇದನ್ನು ಬಾಯಿಬಿಟ್ಟು ಹೇಳದಿರಲು ಕಾರಣವೂ ಇದೇ ಎಂದು ನಮ್ಮ ಊಹೆ.

ಇನ್ನೂ ಒಳ್ಳೆಯದು ಛಾವಣಿ. ಬೇರೆ ಫ್ಲ್ಯಾಶ್ ಇದ್ದರೆ ಅದರ ಕತ್ತನ್ನು ಮೇಲಕ್ಕೆ ತಿರುಗಿಸಿ. ಬೆಳಕು ಮೇಲೆ ಬಡಿದು, ಹರಡಿ, ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಹೆಚ್ಚುಕಮ್ಮಿ ಒಂದೇ ಸಮನಾಗಿ ಇಳಿಯುತ್ತದೆ. ಮೂಗಿನ ಪಕ್ಕದ ಕರಿ ನೆರಳು ಹೋಗುತ್ತದೆ, ಹಣೆಯ ಎಣ್ಣೆ ಹೊಳಪೂ ಹೋಗುತ್ತದೆ. ಎರಡು ಸ್ಟಾಪೋ ಮೂರು ಸ್ಟಾಪೋ ಬೆಳಕು ದಾರಿಯಲ್ಲಿ ನಷ್ಟವಾಗುತ್ತದೆ, ಐಎಸ್‌ಒ ಏರಿಸಿ ತುಂಬಿಕೊಳ್ಳಿ. ಛಾವಣಿ ಬಿಳಿ ಇರಬೇಕು, ತೀರಾ ಎತ್ತರ ಇರಬಾರದು. ಡೆಕೋರೇಷನ್‌ನವರು ಮೇಲೆ ಗುಲಾಬಿ ಬಟ್ಟೆ ಕಟ್ಟಿದ್ದರೆ ಪುರೋಹಿತರೂ ಗುಲಾಬಿ.

ಬೆಳಕನ್ನು ತಿರುಗಿಸಿ ತರುವುದು ನಮ್ಮವರಿಗೆ ಹೊಸದೂ ಅಲ್ಲ. ಮೈಸೂರಿನ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲು ತುಂಬಿದ ಸ್ಟುಡಿಯೋದೊಳಕ್ಕೆ ಬಿಸಿಲುಕೋಲನ್ನು ಇಳಿಸಿದ್ದು ಕನ್ನಡಿಗಳಿಂದ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಕನ್ನಡಿ ಎಷ್ಟು ಮೆಗಾಪಿಕ್ಸೆಲ್ಲಿನದು ಎಂದು ಯಾರೂ ಕೇಳಿದಂತಿಲ್ಲ.

ಎರಡನೇ ಅಧಿಕರಣ: ಗ್ರಾಹಕಭೇದ

ಛಾಯಾಗ್ರಾಹಕರು ಆರು ವಿಧ. ಮೊದಲನೆಯವನು ಪೃಷ್ಠದರ್ಶಕ: ಮಂಟಪದ ಮುಂದೆ ನಿಂತು, ಅಕ್ಷತೆ ಹಿಡಿದು ಕೂತ ಐನೂರು ಜನಕ್ಕೆ ತನ್ನ ಬೆನ್ನಿನ ದರ್ಶನ ಕರುಣಿಸುವವನು. ಎರಡನೆಯವನು ಪುನರಾವರ್ತಕ: "ಇನ್ನೊಂದ್ಸಲ ಸಾರ್, ಇತ್ಲಾಗ್ ನೋಡ್ಕೊಂಡು" ಎಂದು ಕಟ್ಟಿದ ತಾಳಿಯನ್ನೇ ಮತ್ತೆ ಕಟ್ಟಿಸುವವನು. ಶಾಸ್ತ್ರೋಕ್ತ ಮುಹೂರ್ತ ಮೊದಲನೆಯದೋ, ಫೋಕಸ್ ಆದದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೂರನೆಯವನು ಡ್ರೋಣಾಚಾರ್ಯ. ಉಳಿದ ಮೂವರನ್ನು ಓದುಗರು ಮುಂದಿನ ಲಗ್ನದಲ್ಲಿ ತಾವೇ ಗುರುತಿಸಿಕೊಳ್ಳಲಿ. ನನಗೆ ಈ ಪಟ್ಟಿ ಸಾಕಾಯಿತು.

ಮೂರನೇ ಅಧಿಕರಣ: ಮಾಪಕದ ಸಮದರ್ಶಿತ್ವ

ಕ್ಯಾಮೆರಾದೊಳಗಿನ ಲೈಟ್ ಮೀಟರ್ ಲೋಕದಲ್ಲಿ ಕಪ್ಪೂ ಇಲ್ಲ ಬಿಳುಪೂ ಇಲ್ಲ ಎಂದು ನಂಬಿರುವ ಯೋಗಿ. ಎದುರಿಗೆ ಏನೇ ಬರಲಿ, ಅದು ನಡುಬೂದು ಎಂದೇ ಅದರ ಲೆಕ್ಕ. ಬಿದ್ದ ಬೆಳಕಿನಲ್ಲಿ ಸುಮಾರು 18 ಪರ್ಸೆಂಟ್ ತಿರುಗಿಸಿ ಕೊಡುವ ಬೂದು ಎಂದು ಹಳೆಯ ರೂಢಿ. ಚೌಕಟ್ಟಿನ ತುಂಬ ಬಿಳಿ ಧಾರೆ ಸೀರೆ, ಬಿಳಿ ಪಂಚೆ ಇದ್ದರೆ ಮೀಟರು ಬೆಳಕು ಜಾಸ್ತಿಯಾಯಿತೆಂದು ಗಾಬರಿಬಿದ್ದು ಕಡಿಮೆ ಮಾಡುತ್ತದೆ. ಸೀರೆ ಬೂದಾಗುತ್ತದೆ, ಮುಖ ಕತ್ತಲಾಗುತ್ತದೆ. ಫ್ಲ್ಯಾಶಿನ ಟಿಟಿಎಲ್ (ಲೆನ್ಸಿನೊಳಗಿಂದಲೇ ಬೆಳಕು ಅಳೆಯುವ) ಲೆಕ್ಕವೂ ಜರಿಯಂಚು ಫಳಕ್ಕೆಂದರೆ ಹೀಗೇ ಮೋಸಹೋಗುತ್ತದೆ. ಅಲ್ಲಿ ಪ್ಲಸ್ ಒಂದು ಸ್ಟಾಪ್ ಕಾಂಪೆನ್ಸೇಷನ್ ಕೊಡಿ. ಇಲ್ಲವೇ ಮುಹೂರ್ತಕ್ಕೆ ಮುಂಚೆ ಒಮ್ಮೆ ಪರೀಕ್ಷೆ ಮಾಡಿ ಮ್ಯಾನ್ಯುಯಲ್‌ನಲ್ಲಿ ಎಲ್ಲವನ್ನೂ ಕಟ್ಟಿಹಾಕಿ; ಛತ್ರದ ಲೈಟು ಅರ್ಧ ಗಂಟೆಯಲ್ಲೇನೂ ಬದಲಾಗದು. ಷಟರ್ 1/60 ಇಟ್ಟರೆ ಹಿಂದಿನ ಸೀರಿಯಲ್ ಲೈಟೂ ಬರುತ್ತದೆ. ಸಾಮಾನ್ಯವಾಗಿ 1/250 ದಾಟಿದರೆ ಚಿತ್ರದಲ್ಲೊಂದು ಕರಿ ಪಟ್ಟಿ ಬರುತ್ತದೆ; ದಾಟಲೇಬೇಕೆಂದರೆ ಹೈ ಸ್ಪೀಡ್ ಸಿಂಕ್, ಅದಕ್ಕೆ ಫ್ಲ್ಯಾಶಿನ ಜೋರು ಇಳಿಯುತ್ತದೆ. ಅಷ್ಟೆ.

ಇಷ್ಟರಲ್ಲಿ ಪ್ರಬಂಧ ಮುಗಿಯಬೇಕಿತ್ತು. ಯಂತ್ರಕ್ಕೆ ಎಲ್ಲರೂ ಬೂದು, ಮನುಷ್ಯರಿಗೆ ಹಾಗಲ್ಲ.

1950ರ ದಶಕದಿಂದ ಕೊಡಾಕ್ ಕಂಪನಿ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಿಕೊಳ್ಳಲೆಂದು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಎಂದು ಹೆಸರು. ಅದರಲ್ಲಿದ್ದವಳು ಬಿಳಿ ಹೆಂಗಸು. ಅವಳ ಚರ್ಮ ಸರಿ ಬಂದರೆ ಎಲ್ಲ ಸರಿ ಎಂದರ್ಥ. ಕಪ್ಪು ಮಕ್ಕಳ ಮುಖದಲ್ಲಿ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣದ ಕ್ಲಾಸ್ ಫೋಟೋಗಳು ಎಷ್ಟೋ ವರ್ಷ ಹಾಗೇ ಅಚ್ಚಾದವು. ಕಡುಕಂದು ಛಾಯೆಗಳನ್ನು ಫಿಲಂ ಹಿಡಿಯುವಂತಾಗಲು ಒತ್ತಾಯ ತಂದವರಲ್ಲಿ ಚಾಕೊಲೇಟಿನವರು, ಮರದ ಪೀಠೋಪಕರಣದವರು ಮುಖ್ಯರು. ಮೇಜಿನ ಬಣ್ಣಕ್ಕೆ ಸಿಕ್ಕ ನ್ಯಾಯ ಮನುಷ್ಯರಿಗೆ ಅದರ ಬೆನ್ನ ಹಿಂದೆ ಸಿಕ್ಕಿತು.

ನಮ್ಮಲ್ಲಿ ಶರ್ಲಿ ಬೇಕಾಗಲಿಲ್ಲ. ನೆಂಟರೇ ಸಾಕಾದರು.

ಸಂಬಂಧಿಕರ ಹುಡುಗಿಯೊಬ್ಬಳ ಆಲ್ಬಂ ತಯಾರಾಗುವಾಗ ಸ್ಟುಡಿಯೋದಲ್ಲಿ ಕೂತಿದ್ದೆ. ಹುಡುಗಿ ಎಣ್ಣೆಗಪ್ಪು, ಲಕ್ಷಣವಂತೆ. ಬೆಳಗ್ಗೆ ಜಡೆ ಹಾಕುವಾಗ ಕಿಟಕಿಯ ಬೆಳಕಿನಲ್ಲಿ ತೆಗೆದ ಪಟವೊಂದಿತ್ತು: ಕೆನ್ನೆಯ ಮೂಳೆಯ ಮೇಲೆ ಬೆಳಕು ಒಂದು ಗೆರೆಯಾಗಿ ನಿಂತಿದೆ, ಬೈತಲೆಯ ಎಣ್ಣೆ ಮಿನುಗುತ್ತಿದೆ, ಗದ್ದದ ಮೇಲೆ ಚಿಕ್ಕಂದಿನ ಗಾಯದ ಗುರುತು. ಎಡಿಟಿಂಗ್ ಹುಡುಗ ಅದರ ಮುಖಕ್ಕೆ ಬ್ರಷ್ ಓಡಿಸಿದ. ಗುರುತು ಹೋಯಿತು, ಗೆರೆ ಹೋಯಿತು, ಮುಖ ಹಿಟ್ಟಿನ ಬಣ್ಣಕ್ಕೆ ಬಂತು. ಕತ್ತು ಹಾಗೇ ಉಳಿಯಿತು, ಅದಕ್ಕೂ ಬ್ರಷ್. ಬಳೆಯಿಂದ ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು. ಕೈಗೂ ಓಡಿಸಿದಾಗ ಮದರಂಗಿಯೂ ಅಳಿಸಿಹೋಯಿತು. ಪಕ್ಕದ ಪುಟದಲ್ಲಿ ಗಂಡನ್ನು ಮುಟ್ಟಿರಲಿಲ್ಲ. ಅವನೂ ಕಪ್ಪೇ.

ಇವತ್ತಿನ ಸೆನ್ಸರ್ ಐಎಸ್‌ಒ 3200ರಲ್ಲೂ ಆ ಕೆನ್ನೆಯ ಒಂದೊಂದು ಛಾಯೆಯನ್ನೂ ಹಿಡಿಯಬಲ್ಲದು, ಹಿಡಿದೂ ಇತ್ತು. ಎರಡು ಲಕ್ಷದ ಸಾಮಗ್ರಿ ತಂದು, ಪ್ರಭಾಪಕರ್ಷವನ್ನು ಗೆದ್ದು, ಕೊನೆಗೆ ಅಳಿಸಿದ್ದು ಅವಳನ್ನೇ! ಮೊಮ್ಮಕ್ಕಳು ಆ ಆಲ್ಬಂ ತೆಗೆದು ಇದ್ಯಾರಜ್ಜಿ ಎಂದು ಕೇಳಿದರೆ ಅವಳು ಏನು ಹೇಳಬೇಕು?

ಬೈದೆ. ಹುಡುಗ ಮೌಸ್ ಬಿಟ್ಟು ನನ್ನ ಕಡೆ ತಿರುಗಿದ. "ಸಾರ್, ನಾನಾಗ್ನಾನೇ ಮಾಡ್ತೀನಾ? ಫೇರ್ ಮಾಡ್ದೆ ಕೊಟ್ರೆ ಪಾರ್ಟಿ ಬ್ಯಾಲೆನ್ಸ್ ಕೊಡಲ್ಲ." ಪಾರ್ಟಿ ಎಂದರೆ ಹುಡುಗಿಯ ಅಪ್ಪ.

ಆದ್ದರಿಂದ ಎಕ್ಸ್‌ಪೋಷರ್ ಕುರಿತ ಅಂತಿಮ ಸಲಹೆ ಕ್ಯಾಮೆರಾ ಹಿಡಿದವನಿಗಲ್ಲ, ಅಡ್ವಾನ್ಸ್ ಕೊಡುವವರಿಗೆ. ಮುಖದ ಬಣ್ಣ ಮುಟ್ಟಬಾರದು, ಎಡಿಟ್ ಮಾಡದ ಮೂಲ ಫೈಲುಗಳನ್ನೂ ಕೊಡಬೇಕು ಎಂದು ಬಿಲ್ಲಿನ ಮೇಲೆ ಬರೆಸಿ. ಬಾಯಿಮಾತು ಎಡಿಟಿಂಗ್ ಟೇಬಲ್ಲಿನವರೆಗೆ ಹೋಗುವುದಿಲ್ಲ.