ಕರೆ ಮಾಡಿ, ಕಿವುಡರೇ!

ಸರ್ಕಾರ ಕರುಣಾಮಯಿ. ಕುಂದುಕೊರತೆಯೇ? 1902ಕ್ಕೆ ಕರೆ ಮಾಡಿ. ಕರೆಂಟ್ ಹೋಯಿತೇ? 1912ಕ್ಕೆ ಕರೆ ಮಾಡಿ. ಪ್ರಾಣಕ್ಕೆ ಸಂಚಕಾರವೇ? 112ಕ್ಕೆ ಕರೆ ಮಾಡಿ. ಕಿವಿಯೇ ಕೇಳಿಸುವುದಿಲ್ಲವೇ? ಅದಕ್ಕೂ ಒಂದು ಇಲಾಖೆ ಇದೆ, ಇಲಾಖೆಗೊಂದು ಫೋನ್ ನಂಬರಿದೆ. ಮಾಡಿ.

ವೆಬ್‌ಸೈಟ್ ಇದೆಯಲ್ಲ ಸ್ವಾಮಿ, ಎನ್ನುತ್ತಾರೆ. ಇದೆ. ದೂರು ಬರೆದು ಹಾಕಿ ನೋಡಿ. ವಿಚಾರಣೆಗೆ ಬರುವುದು ಮತ್ತೆ ಫೋನೇ. ಎತ್ತಲಿಲ್ಲವೋ, ದೂರುದಾರರು ಸಂಪರ್ಕಕ್ಕೆ ಸಿಗಲಿಲ್ಲ ಎಂದು ಷರಾ ಬೀಳುತ್ತದೆ. ಕಡತ ಮುಕ್ತಾಯ.

2011ರ ಜನಗಣತಿಯಲ್ಲೇ ದೇಶದ ಕಿವುಡರ ಸಂಖ್ಯೆ 50 ಲಕ್ಷ ದಾಟಿತ್ತು. ಕರ್ನಾಟಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು. ಇವರೂ ಸೇರಿದಂತೆ ಎಲ್ಲರಿಗೆಂದು 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಸನ್ನೆ ಭಾಷೆ, ಟಿವಿಯಲ್ಲಿ ಅಡಿಬರಹ, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಮರುವರ್ಷ ನಿಯಮಾವಳಿ ಬಂತು. ಕಾಯ್ದೆ ‘ಮಾಡತಕ್ಕದ್ದು’ ಎಂದಿದ್ದನ್ನು ನಿಯಮಾವಳಿ ‘ಮಾಡಿದರೆ ಒಳ್ಳೆಯದು’ ಮಾಡಿತು. ಏಳು ವರ್ಷ ಇದು ಯಾವ ಅಧಿಕಾರಿಗೂ ಹೊಳೆಯಲಿಲ್ಲ. ಹೊಳೆಯದಿದ್ದುದರಿಂದ ಯಾರಿಗೂ ನಷ್ಟವಾಗಲಿಲ್ಲ, ಕಿವುಡರನ್ನು ಬಿಟ್ಟು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಕಿತ್ತೆಸೆದು, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರೂಪಿಸಿ ಎಂದಿತು. ಕ್ಯಾಲೆಂಡರಿನ ಮೂರು ತಿಂಗಳೋ, ಸಚಿವಾಲಯದ ಮೂರು ತಿಂಗಳೋ, ಅದನ್ನು ಮಾತ್ರ ಹೇಳಲಿಲ್ಲ.

ಸರ್ಕಾರದ್ದು ಜಾಣಕಿವುಡು. ಅದಕ್ಕೆ ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು ಬೇಡ, ಶೇಕಡಾವಾರು ಸರ್ಟಿಫಿಕೇಟೂ ಬೇಡ.

ಕಾನೂನಿಗೇನೂ ಬರವಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣು ವಿಕಲಚೇತನಳಾಗಿದ್ದರೆ ಪೊಲೀಸರು ಅವಳಿದ್ದಲ್ಲಿಗೇ ಹೋಗಬೇಕು, ದುಭಾಷಿಯನ್ನೋ ವಿಶೇಷ ಶಿಕ್ಷಕರನ್ನೋ ಜೊತೆಗಿಟ್ಟುಕೊಳ್ಳಬೇಕು, ದೂರನ್ನು ವಿಡಿಯೊ ಮಾಡಬೇಕು. 2013ರಿಂದಲೂ ಇದು ಕಾನೂನು. ನಿಮ್ಮೂರ ಠಾಣೆಗೆ ಹೋಗಿ, ದುಭಾಷಿಯ ನಂಬರ್ ಕೊಡಿ ಎಂದು ಕೇಳಿ ನೋಡಿ. ‘ಮನೆಯವರು ಯಾರಾದ್ರೂ ಬಂದಿದಾರಾ?’ ಎನ್ನುತ್ತಾರೆ. ಆರೋಪಿಯೇ ಮನೆಯವನಾಗಿದ್ದರೆ? ಆ ಪ್ರಶ್ನೆಗೆ ಫಾರಂನಲ್ಲಿ ಕಾಲಂ ಇಲ್ಲ.

ಆಸ್ಪತ್ರೆಯಲ್ಲೂ ಅದೇ ಕಥೆ. ಕಿವುಡ ತಾಯಿಯ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂಬುದನ್ನು ತಾಯಿಗೆ ತಿಳಿಸಬೇಕಾದವಳು ಹತ್ತು ವರ್ಷದ ಮಗಳು. ಗಡ್ಡೆ ಎಂಥದು, ಬದುಕುತ್ತಾಳೋ ಇಲ್ಲವೋ, ಎಲ್ಲವನ್ನೂ ಆ ಪುಟ್ಟ ಕೈಗಳೇ ಹೇಳಬೇಕು. ಡಾಕ್ಟರು ತಲೆ ಸವರಿ ‘ಜಾಣೆ’ ಎನ್ನುತ್ತಾರೆ. ಪುಕ್ಕಟೆ ದುಭಾಷಿ. ಟಿಎ ಇಲ್ಲ, ಡಿಎ ಇಲ್ಲ, ಅವತ್ತು ಶಾಲೆಯೂ ಇಲ್ಲ.

2024ರ ಏಪ್ರಿಲಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ದುಭಾಷಿಯ ನೆರವಿನಿಂದ ನಮ್ಮ ಹೈಕೋರ್ಟಿನಲ್ಲಿ ವಾದಿಸಿದರು. ಐತಿಹಾಸಿಕ ಎಂದು ಚಪ್ಪಾಳೆ ಬಿತ್ತು. ವಕೀಲೆಯೊಬ್ಬರು ತಮ್ಮ ಕೆಲಸ ತಾವು ಮಾಡಿದ್ದು ಇತಿಹಾಸವಾಯಿತು! ಚಪ್ಪಾಳೆ ಅವರಿಗೆ ಸಲ್ಲಲಿ. ಅದುವರೆಗಿನ ಇತಿಹಾಸ ಯಾರಿಗೆ ಸಲ್ಲಬೇಕು?

ಸೆಪ್ಟೆಂಬರ್ 23 ಬಂದರೆ ಮಾತ್ರ ಪ್ರೀತಿ ಉಕ್ಕುತ್ತದೆ. ಅಂತರರಾಷ್ಟ್ರೀಯ ಸನ್ನೆ ಭಾಷಾ ದಿನ. ಶಾಲು, ಹಾರ, ಮೌನದ ಮಹತ್ವದ ಬಗ್ಗೆ ಮುಕ್ಕಾಲು ಗಂಟೆ ಭಾಷಣ. ಪಕ್ಕದಲ್ಲಿ ದುಭಾಷಿ ನಿಂತಿದ್ದರೆ, ‘ಮೇಡಂ, ಸ್ವಲ್ಪ ಸರೀರಿ, ಸಾಹೇಬರ ಮುಖ ಮುಚ್ತಾ ಇದೆ’ ಎಂದು ಕ್ಯಾಮೆರಾದವರ ಕೂಗು. ಟಿವಿಯಲ್ಲಾದರೋ ದುಭಾಷಿಗೆ ಅಂಚೆಚೀಟಿಯಷ್ಟು ಮೂಲೆ. ಆ ಮೂಲೆಯಲ್ಲೂ ಮೊಣಕೈವರೆಗೆ ಬ್ರೇಕಿಂಗ್ ನ್ಯೂಸ್ ಪಟ್ಟಿ. ಕೈಯಲ್ಲಿ ಮಾತಾಡುವವರ ಕೈಯನ್ನೇ ಮುಚ್ಚುವುದು ಸಾಮಾನ್ಯ ಕೌಶಲವಲ್ಲ.

ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹತ್ತು ಸಾವಿರ ಪದಗಳ ನಿಘಂಟು ತಂದಿತು. ಒಳ್ಳೆಯ ಕೆಲಸ, ಸುಳ್ಳು ಹೇಳಬಾರದು. ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ಅಷ್ಟೆಲ್ಲ ಬೇಕಾಗಿಲ್ಲ. ಅವರಿಗೆ ಒಂದೇ ಸನ್ನೆ ಗೊತ್ತು: ‘ನಾಳೆ ಬಾ’. ಅದನ್ನು ಅವರು ತಲೆ ಎತ್ತದೆಯೂ ಮಾಡಬಲ್ಲರು.