ಲೆನ್ಸ್ ನಿಯಮ ಮತ್ತು ಮಂಡಕ್ಕಿ

ದ್ವಿತೀಯ ಪಿಯುಸಿ ಭೌತಶಾಸ್ತ್ರಕ್ಕೆ ಎರಡೇ ದಿನ ಉಳಿದಿತ್ತು. ದಾವಣಗೆರೆಯ ಬಾಡಿಗೆ ಕೋಣೆಯಲ್ಲಿ ನಾಲ್ವರು ‘ಕಂಬೈಂಡ್ ಸ್ಟಡಿ’ಗೆ ಕೂತೆವು. ಅಲ್ಲಿ ಯಾರಿಗೂ ಹೆಸರಿಲ್ಲ, ಊರೇ ಹೆಸರು: ಚನ್ನಗಿರಿ, ಹೊನ್ನಾಳಿ, ಜಗಳೂರು, ಮತ್ತು ನ್ಯಾಮತಿಯ ನಾನು. ನಮ್ಮದು ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಹಾಗಾಗಿ ಚಾಪೆಯ ಮೇಲೂ ಗಡಿ ವಿವಾದ.

ಅಡಿಕೆ ತೋಟದ ಚನ್ನಗಿರಿಗೆ ಎಲ್ಲ ಲೆಕ್ಕವೂ ಕ್ವಿಂಟಾಲಿನಲ್ಲೇ. ಎಲೆಕ್ಟ್ರಾನಿನ ತೂಕ ಕೇಳಿ, ‘ಇಷ್ಟಕ್ಕೆ ಯಾವ ಮಂಡಿಯವ್ನು ತಕ್ಕಡಿ ಎತ್ತುತಾನೋ?’ ಎಂದ. ಮಳೆಗೆ ಕಾದು ಪಳಗಿದ ಜಗಳೂರು ಮಾತ್ರ ತಾಳ್ಮೆಯಿಂದ ಲೆನ್ಸ್ ನಿಯಮ ವಿವರಿಸಿದ: ಪ್ರೇರಿತ ವಿದ್ಯುತ್ತು ತನ್ನ ಹುಟ್ಟಿಗೆ ಕಾರಣವಾದ ಬದಲಾವಣೆಯನ್ನೇ ವಿರೋಧಿಸುತ್ತದೆ.

‘ಅಂದ್ರೆ ನಾನು ನಮ್ಮಪ್ಪಂಗೆ ಎದುರು ಮಾತಾಡ್ದಂಗೆ?’ ಎಂದೆ. ಆ ವರ್ಷ ನನಗೆ ಪೂರ್ತಿ ಅರ್ಥವಾದ ನಿಯಮ ಅದೊಂದೇ.

ಅಷ್ಟರಲ್ಲಿ ಕರೆಂಟ್ ಹೋಯಿತು. ವಿದ್ಯುತ್ ಪಾಠಕ್ಕೇ ವಿದ್ಯುತ್ತಿಲ್ಲ! ಕತ್ತಲಲ್ಲಿ ಹೊನ್ನಾಳಿಯ ದನಿ: ‘ಬರ್ರೋ, ಮಂಡಕ್ಕಿ ಮೆಣಸಿನಕಾಯಿ ತಿಂದ್ಕೊಂಡು ಬರಾಣ.’

ನಾಲ್ಕು ಪ್ಲೇಟ್ ಮುಗಿಸಿ ಬಂದಾಗ ಕರೆಂಟ್ ಬಂದಿತ್ತು. ಫ್ಯಾನಿನ ಗಾಳಿಗೆ ನೋಟ್ಸಿನ ಹಾಳೆಗಳು ಕೋಣೆಯಿಡೀ ಹಾರಾಡುತ್ತಿದ್ದವು. ಬೆಳಗಿನ ತನಕ ಪುಟಸಂಖ್ಯೆ ಜೋಡಿಸಿದೆವು.